ಮೆಂತ್ಯದ ವಾಸನೆ, ಹಸಿ ಕಾರ್ನ್‌ಫ್ಲೋರ್, ಕತ್ತೆ ಹಾಲು

ಅಡ್ಮಿನ್: ಇವತ್ತು ಉತ್ತರ ಕೊಡೋರು ಮಕ್ಕಳ ಆನುವಂಶಿಕ ಮೆಟಬಾಲಿಕ್ ಕಾಯಿಲೆಗಳ ಸಂಶೋಧಕಿ ಡಾಕ್ಟರ್ ಮೇಡಂ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ತುಮಕೂರಿನ ಅಪ್ಪ: ಮೇಡಂ, ಜಿಎಸ್‌ಡಿ ಒಂದನೇ ಟೈಪ್, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಬಿಡುಗಡೆಯಾಗದೆ ಶುಗರ್ ಇಳಿಯೋ ಕಾಯಿಲೆ, ನಮ್ಮ ಮಗುವಿಗೆ. ಕಾರ್ನ್‌ಫ್ಲೋರ್ ಹಸಿ ಕೊಟ್ರೆ ಮಗು ಉಗಿಯುತ್ತೆ. ಗಂಜಿ ಥರ ಕಾಯಿಸಬಹುದಾ?

ಡಾಕ್ಟರ್: ಬೇಡ. ಹಸಿ ಪಿಷ್ಟ ನಿಧಾನವಾಗಿ ಜೀರ್ಣವಾಗಿ ಗಂಟೆಗಟ್ಟಲೆ ಗ್ಲೂಕೋಸ್ ಕೊಡ್ತಾ ಇರುತ್ತೆ. ಬಿಸಿ ತಾಗಿದ್ರೆ ಕಣ ಒಡೆದು ಅಂಟಾಗುತ್ತೆ, ಬೇಗ ಕರಗುತ್ತೆ, ಶುಗರ್ ಏರಿದಷ್ಟೇ ಬೇಗ ಇಳಿಯುತ್ತೆ. ತಣ್ಣೀರಲ್ಲಿ ಕಲಸಿ, 1 ಗ್ರಾಂಗೆ 2 ಮಿಲಿ. ಚಮಚದ ಲೆಕ್ಕ ಬೇಡ, ತೂಕ ಮಾಡಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೆಜಿಗೆ 1.6 ಗ್ರಾಂ, 3–4 ಗಂಟೆಗೊಮ್ಮೆ. ನಿಮ್ಮ ಮಗುವಿಗೆ ಎಷ್ಟು ಅನ್ನೋದನ್ನ ಶುಗರ್ ಚಾರ್ಟ್ ನೋಡಿ ನಿಮ್ಮ ಡಾಕ್ಟರೇ ಹೇಳಬೇಕು. ಬಿಳೀ ಪಿಷ್ಟವೇ ಬೇಕು. ಹಳದಿ ಮೆಕ್ಕೆಜೋಳದ ಹಿಟ್ಟು, ಕಸ್ಟರ್ಡ್ ಪೌಡರ್ ಅಲ್ಲ. ರುಚಿಗೆ ಅಂತ ಸಕ್ಕರೆ, ಜೇನು ಸೇರಿಸಬೇಡಿ.

ದಾವಣಗೆರೆ ನರ್ಸ್: ಆರು ದಿನದ ಮಗು. ಮೂರು ದಿನ ಚೆನ್ನಾಗಿ ಹಾಲು ಕುಡೀತು, ಈಗ ಮಂಕು, ಚೀಪಲ್ಲ. ಬಟ್ಟೆಯಲ್ಲಿ ಮೆಂತ್ಯದ ಥರ ಸಿಹಿ ವಾಸನೆ. ಬಾಣಂತಿ ಮೆಂತ್ಯದ ಉಂಡೆ ತಿಂತಿದಾಳೆ, ಅದರದ್ದೇ ಅಂತಾರೆ ಮನೆಯವರು. ಶುಗರ್ ನಾರ್ಮಲ್, ಅಮೋನಿಯಾ ತುಸು ಜಾಸ್ತಿ. ಸೋಂಕಿಗೆ ಆಂಟಿಬಯೋಟಿಕ್ ನಡೀತಿದೆ.

ಡಾಕ್ಟರ್: ಉಳಿದವರು ಸ್ವಲ್ಪ ಕಾಯಿರಿ, ಇದು ಮೊದಲು.

ಮನೆಯವರ ಮಾತು ಅರ್ಧ ಸರಿ. ಮೆಂತ್ಯದ ವಾಸನೆಗೂ ಮೇಪಲ್ ಸಿರಪ್ ಯೂರಿನ್ ಡಿಸೀಸ್‌ನ ವಾಸನೆಗೂ ಕಾರಣ ಒಂದೇ ವಸ್ತು, ಸೊಟೊಲೋನ್. ಆ ಡಿಸೀಸ್ ಅಂದ್ರೆ ಲ್ಯೂಸಿನ್ ಥರದ ಅಮೈನೋ ಆಸಿಡ್‌ಗಳನ್ನ (ಪ್ರೋಟೀನ್‌ನ ತುಣುಕು) ಮೈ ಒಡೆಯಲಾರದ ಕಾಯಿಲೆ. ತಾಯಿ ಮೆಂತ್ಯ ತಿಂದಿದ್ರೆ ಮಗುವಿನ ಮೂತ್ರದಲ್ಲೂ ಆ ವಾಸನೆ ಬರಬಹುದು. ಆದ್ರೆ ಮೆಂತ್ಯ ಮಗುವನ್ನ ಮಂಕು ಮಾಡಲ್ಲ. ಚೆನ್ನಾಗಿದ್ದ ಮಗು ಚೀಪೋದು ಬಿಟ್ಟಿದೆ ಅಂದ್ರೆ ಉಂಡೆಯ ವಿಚಾರ ಅಲ್ಲಿಗೇ ಬಿಡಿ.

ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತಾ? ಒಮ್ಮೆ ಬೆನ್ನು ಬಿಲ್ಲಾಗಿ ಸೆಟೆದು, ಇನ್ನೊಮ್ಮೆ ಜೋಲು ಬೀಳುತ್ತಾ? ಮೂತ್ರಕ್ಕೆ ಕೀಟೋನ್ ಸ್ಟ್ರಿಪ್ ಹಾಕಿ. ಹಸುಗೂಸಿನಲ್ಲಿ ಜೋರಾಗಿ ಕೀಟೋನ್ ಕಂಡ್ರೆ ಮಾಮೂಲಿ ಅಲ್ಲ. ಈ ಕಾಯಿಲೆಯಲ್ಲಿ ಶುಗರ್, ಅಮೋನಿಯಾ ಹೆಚ್ಚು ಕೆಡದೇ ಇರಬಹುದು. ಅದನ್ನ ನೋಡಿಯೇ ಎಲ್ಲರೂ ಮೋಸಹೋಗೋದು. ಪ್ಲಾಸ್ಮಾ ಅಮೈನೋ ಆಸಿಡ್ ಇವತ್ತೇ ಕಳಿಸಿ. ಲ್ಯೂಸಿನ್ ಏರಿ, ಅಲೋಐಸೊಲ್ಯೂಸಿನ್ ಕಂಡ್ರೆ ಖಚಿತ.

ಸ್ಯಾಂಪಲ್ ತೆಗೆದ ಮೇಲೆ ಹಾಲು ನಿಲ್ಲಿಸಿ ಗ್ಲೂಕೋಸ್ ಡ್ರಿಪ್, 10% ಡೆಕ್ಸ್‌ಟ್ರೋಸ್ ಶುರು ಮಾಡಲಿ, ಸೋಡಿಯಂ ಸೇರಿಸಿಯೇ. ಉಪ್ಪಿಲ್ಲದ ನೀರು ಏರಿಸಿದ್ರೆ ಮೆದುಳು ಬಾವು ಬರುತ್ತೆ. ಪ್ರೋಟೀನ್ ನಿಲ್ಲಿಸೋದು 24–48 ಗಂಟೆ ಅಷ್ಟೆ. ಆಮೇಲೂ ಕೊಡದಿದ್ರೆ ಮೈಯಿ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತೆ, ಲ್ಯೂಸಿನ್ ಮತ್ತೆ ಏರುತ್ತೆ. ಅಷ್ಟರೊಳಗೆ ಲ್ಯೂಸಿನ್ ಇಲ್ಲದ ಫಾರ್ಮುಲಾ, ಜೊತೆಗೆ ಐಸೊಲ್ಯೂಸಿನ್, ವ್ಯಾಲಿನ್. ಅವೆರಡು ಕಡಿಮೆಯಾದ್ರೆ ಲ್ಯೂಸಿನ್ ಇಳಿಯಲ್ಲ. ಆಂಟಿಬಯೋಟಿಕ್ ನಿಲ್ಲಿಸಬೇಡಿ, ಎರಡೂ ಒಟ್ಟಿಗೆ ಇರಬಹುದು. ನವಜಾತ ಶಿಶುವಿಗೆ ಡಯಾಲಿಸಿಸ್ ಇರೋ ಆಸ್ಪತ್ರೆಗೆ ಈಗಲೇ ಫೋನ್ ಮಾಡಿಸಿ.

ಮಂಡ್ಯದ ಅಮ್ಮ: ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯಲ್ಲಿರೋ ಗ್ಯಾಲಕ್ಟೋಸನ್ನ ಒಡೆಯೋ ಎನ್‌ಜೈಮ್ ಇಲ್ಲದ ಕಾಯಿಲೆ) ಅನುಮಾನಕ್ಕೆ ಹಾಲು ನಿಲ್ಲಿಸಿ ಸೋಯಾ ಕೊಡ್ತಿದೀವಿ. ಹೋದ ತಿಂಗಳು ರಕ್ತ ಹಾಕಿದ್ರು. ಈಗ ಎನ್‌ಜೈಮ್ ನಾರ್ಮಲ್ ಅಂತ ಬಂದಿದೆ. ಹಾಲು ಕೊಡಲಾ?

ಡಾಕ್ಟರ್: ಕೊಡಬೇಡಿ. ಆ ಎನ್‌ಜೈಮ್ ದಾನಿಯ ಕೆಂಪು ರಕ್ತಕಣದ್ದು. ಮೂರ್ನಾಲ್ಕು ತಿಂಗಳು ಆ ರಿಪೋರ್ಟ್ ನಂಬೋ ಹಾಗಿಲ್ಲ. ಜೀನ್ ಟೆಸ್ಟ್ ಕೇಳಿ.

ಹಾಸನದ ಅಜ್ಜಿ: ಕತ್ತೆ ಹಾಲು ಒಂದು ಒಳಲೆ ಹಾಕಮ್ಮ. ಅದು ಹಸುವಿನ ಹಾಲಲ್ಲ, ಏನೂ ಆಗಲ್ಲ. ಗ್ರೂಪಲ್ಲಿ ಬಂದಿತ್ತು.

ಡಾಕ್ಟರ್: ಅಜ್ಜಿ, ಕತ್ತೆ ಹಾಲಲ್ಲಿ ಲ್ಯಾಕ್ಟೋಸ್, ಅಂದ್ರೆ ಆ ಹಾಲಿನ ಸಕ್ಕರೆ, ಹಸುವಿನ ಹಾಲಿಗಿಂತ ಜಾಸ್ತಿ. ಈ ಮಗುವಿಗೆ ಅದೇ ವಿಷ. ಮಂಡ್ಯದ ಅಮ್ಮ, ಹಾಕಬೇಡಿ. ಬಜೆ, ಜೇನು ಕೂಡ ಬೇಡ.

ಶಿವಮೊಗ್ಗ ಮೇಷ್ಟ್ರು: ಅಕ್ಕನ ಮಗಳನ್ನ ಮದುವೆಯಾಗೋದು ನಿಲ್ಲಿಸಿದ್ರೆ ಈ ಕಾಯಿಲೆಗಳೇ ಇರಲ್ಲ.

ತುಮಕೂರಿನ ಅಪ್ಪ: ನಮ್ಮದು ಸಂಬಂಧದಲ್ಲಿ ಆಗಿದ್ದಲ್ಲ ಮೇಷ್ಟ್ರೇ, ಜಿಲ್ಲೆಯೇ ಬೇರೆ. ತಿಳ್ಕೊಂಡು ಮಾತಾಡಿ.

ಶಿವಮೊಗ್ಗ ಮೇಷ್ಟ್ರು: ನಿಮಗೆ ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ.

ಮಂಡ್ಯದ ಅಮ್ಮ: ಕಳ್ಳ ಯಾರ್ರೀ ಇಲ್ಲಿ?

ಡಾಕ್ಟರ್: ಇಲ್ಲಿ ಬಂದ ಮೂರೂ ಕಾಯಿಲೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ವಾಹಕರು (ಕೆಟ್ಟ ಜೀನ್ ಹೊತ್ತಿದ್ರೂ ತಮಗೆ ಕಾಯಿಲೆ ಇಲ್ಲದವರು), ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದರ ಅಪಾಯ. ರಕ್ತಸಂಬಂಧದಲ್ಲಿ ಇಬ್ಬರೂ ಒಂದೇ ಜೀನ್ ಹೊತ್ತಿರೋ ಸಾಧ್ಯತೆ ಹೆಚ್ಚು. ಬೇರೆಯವರಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಮೇಷ್ಟ್ರೇ, ಸಾಕು.

ರಾಯಚೂರು ಆಶಾ: ಮೇಡಂ, ಹಸುಗೂಸಿನ ಹಿಮ್ಮಡಿ ಚುಚ್ಚಿ ಟೆಸ್ಟಿಗೆ ರಕ್ತದ ಹನಿ ಹಾಕೋ ಕಾರ್ಡ್ ಬಿಸಿಲಲ್ಲಿ ಒಣಗಿಸಬಹುದಾ?

ಗದಗಿನ ಚಿಕ್ಕಪ್ಪ: ಕಾರ್ನ್‌ಫ್ಲೋರ್ ಹಾಲಲ್ಲಿ ಕಾಯಿಸಿದ್ರೆ?

ಡಾಕ್ಟರ್: ಮೇಲೆ ಬರೆದಿದೆ. ಓದಿ.

ಗದಗಿನ ಚಿಕ್ಕಪ್ಪ: ಉಗುರು ಬೆಚ್ಚಗೆ?

ಡಾಕ್ಟರ್: ತ ಣ್ಣೀ ರು.

ರಾಯಚೂರು ಆಶಾ: ಮೇಡಂ ಕಾರ್ಡ್?

ದಾವಣಗೆರೆ ನರ್ಸ್: ಕೀಟೋನ್ 3 ಪ್ಲಸ್. ಕಾಲು ಸೈಕಲ್ ಥರಾನೇ ಆಡಿಸ್ತಿದೆ. ಆಂಬುಲೆನ್ಸ್ ಬಂದಿದೆ, ಡ್ರಿಪ್ ತೆಗೆದು ಹೊರಡೋಣ ಅಂತಿದಾರೆ.

ಡಾಕ್ಟರ್: ತೆಗೆಯೋದು ಬೇಡ. ಡೆಕ್ಸ್‌ಟ್ರೋಸ್ ದಾರಿಯುದ್ದಕ್ಕೂ ಓಡ್ತಾ ಇರಲಿ, ಕೈಯ ಲೈನ್ ಗಟ್ಟಿಯಾಗಿ ಅಂಟಿಸಿ, ಇನ್ನೊಂದು ಕೈಗೂ ಒಂದು ಹಾಕಿಸಿ. ಗಂಟೆಗೊಮ್ಮೆ ಶುಗರ್ ನೋಡಿ. ತೆಗೆದ ರಕ್ತದ ಸಮಯ ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.