ಇಂಡಿ ಲಿಂಬಿ ಮಾರ್ಮಲೇಡ್: ಸಿಪ್ಪಿ ತೇಲಾಕತ್ತಾವ

ಪ್ರಶ್ನೆ (ವಿಜಯಪುರ): ಸಹಾಯಾರ್ಥ ಸ್ಪರ್ಧಾಕ್ಕ ಮಾರ್ಮಲೇಡ್ (ಸಿಪ್ಪಿ ಹಾಕಿ ಮಾಡೂ ಲಿಂಬಿ ಜಾಮ್) ಕೊಡೋದೈತ್ರಿ. 1 ಕೆಜಿ ಲಿಂಬಿ, 2 ಕೆಜಿ ಸಕ್ರಿ. ಸಿಪ್ಪಿ ಮ್ಯಾಲ ತೇಲ್ತಾವ, ಕಚ್ಚಿದ್ರ ಚರ್ಮದಂಗ ಗಟ್ಟಿ. ಯಾಕ್ರಿ?

ಉತ್ತರ: ಸಕ್ರಿ ಲಗೂ ಹಾಕೀರಿ. ಸಕ್ರಿ ಬಿದ್ದಮ್ಯಾಲ ಸಿಪ್ಪಿ ಮೆತ್ತಗಾಗೂದಿಲ್ಲ. ಬೀಜ, ಒಳಗಿನ ಬಿಳಿ ತಿರುಳು ತೆಳು ಅರಿವ್ಯಾಗ ಗಂಟು ಕಟ್ಟಿ, ಹೆಚ್ಚಿದ ಸಿಪ್ಪಿ ಜೋಡಿ 2.5 ಲೀಟರ್ ನೀರಾಗ ರಾತ್ರಿ ನೆನಸ್ರಿ. ಮುಂಜಾನಿ ಸಣ್ಣ ಉರಿ. ಎರಡು ಬೆರಳಾಗ ಹಿಚುಕಿದ್ರ ಸಿಪ್ಪಿ ನುಣ್ಣಗ ಆಗಬೇಕು, ಆಮ್ಯಾಲೇ ಸಕ್ರಿ. ಗಂಟು ಚಂದಂಗ ಹಿಂಡ್ರಿ, ಜಾಮ್ ಗಟ್ಟಿ ಮಾಡೂ ಪೆಕ್ಟಿನ್ ಇರೂದ ಅದರಾಗ.

ಉತ್ತರ: ತೇಲೂದು ಬಿಸಿ ಇದ್ದಾಗ ತುಂಬಿದ್ದಕ್ಕ. ಪಾಕ 104–105 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡ್ಲೆ ಒಲಿಯಿಂದ ಇಳಿಸಿ, 10–15 ನಿಮಿಷ ಬಿಟ್ಟು, ಒಮ್ಮೆ ಕೈಯಾಡಿಸಿ ತುಂಬ್ರಿ. ಹದ ಬಂದೈತೇನ ಅಂತ ನೋಡಾಕ, ತಣ್ಣನ ತಾಟಿಗೆ ಹನಿ ಹಾಕಿ ದೂಡಿದ್ರ ಸುಕ್ಕು ಬೀಳಬೇಕು.

ಉತ್ತರ: ಉಪ್ಪಿನಕಾಯಿ ಬಾಟಲಿಯ ಹಳೇ ಮುಚ್ಚಳ ಬ್ಯಾಡ್ರಿ, ವಾಸನಿ ಹಿಡೀತೈತಿ.