ಪದಚರ್ಚೆ: ಕ್ರೀಮಿನ ಪಟ್ಟಿಯಲ್ಲಿರುವ ‘ಆಲ್ಕೋಹಾಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೈಗೆ, ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಏನೇನು ಹಾಕಿರುತ್ತಾರೆ, ಡಬ್ಬಿ ಹಿಂದಿನ ಪಟ್ಟಿಯನ್ನು ಓದುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಆಲ್ಕೋಹಾಲ್’ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಒಂದೇ ಪಟ್ಟಿಯಲ್ಲಿ ‘ಆಲ್ಕೋಹಾಲ್ ಡಿನ್ಯಾಟ್’ ಇರಬಹುದು, ‘ಸೀಟೈಲ್ ಆಲ್ಕೋಹಾಲ್’ ಕೂಡ ಇರಬಹುದು. ಮೊದಲನೆಯದು ಎಥೆನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲೇ. ಯಾರೂ ಕುಡಿಯಬಾರದು ಅಂತ ಅದಕ್ಕೆ ಕಹಿಯನ್ನೋ ಇನ್ನೇನನ್ನೋ ಬೆರೆಸಿರುತ್ತಾರೆ; ‘ಡಿನ್ಯಾಟ್’ (‘ಡಿನೇಚರ್ಡ್’ನ ಚುಟುಕು ರೂಪ) ಅಂದರೆ ಅದೇ. ನೀರಿನ ಹಾಗೆ ತೆಳ್ಳಗಿರುತ್ತದೆ, ಹಚ್ಚಿದ ಕೂಡಲೇ ತಣ್ಣಗಾಗಿ ಆರಿಹೋಗುತ್ತದೆ. ಪಟ್ಟಿಯಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರಲ್ವಾ, ಇದು ಮೇಲಿನ ಸಾಲಲ್ಲೇ ಕಂಡರೆ ಒಣಚರ್ಮದವರಿಗೆ ಉರಿ, ಬಿಗಿತ ಆಗಬಹುದು. ಎರಡನೆಯದು ನೋಡಲು ಬಿಳಿ ಮೇಣ. ಬೆರಳ ನಡುವೆ ತಿಕ್ಕಿದರೆ ಜಾರುತ್ತದೆ. ಕರಗಬೇಕಾದರೆ ಸುಮಾರು 49 ಡಿಗ್ರಿ ಬಿಸಿ ಬೇಕು. ಕ್ರೀಮು ಗಟ್ಟಿಯಾಗಿ ನಿಲ್ಲುವುದು, ಎಣ್ಣೆ ನೀರು ಬೇರೆಯಾಗದಿರುವುದು, ಚರ್ಮ ನುಣುಪಾಗುವುದು ಇದರಿಂದ. ಸ್ಟಿಯರೈಲ್, ಸೀಟೀರೈಲ್ ಆಲ್ಕೋಹಾಲ್ ಕೂಡ ಇದೇ ಬಳಗದವು. ಈ ಬಳಗಕ್ಕೆ ಇಂಗ್ಲಿಷಿನಲ್ಲಿ ‘ಫ್ಯಾಟಿ ಆಲ್ಕೋಹಾಲ್’ ಅನ್ನುತ್ತಾರೆ.

ಇವೆರಡನ್ನೂ ‘ಮದ್ಯಸಾರ’ ಅಂತ ಬರೆದರೆ ಓದುವವರು ಸುಮ್ನೆ ಹೆದರುತ್ತಾರೆ. ಮುಂದೆ ‘ಆಲ್ಕೋಹಾಲ್ ಫ್ರೀ’ ಅಂತ ಇದ್ದು, ಹಿಂದೆ ಸೀಟೈಲ್ ಆಲ್ಕೋಹಾಲ್ ಕಂಡರೆ ಮೋಸ ಅಂದುಕೊಳ್ಳುತ್ತಾರೆ. ಆದರೆ ‘ಆಲ್ಕೋಹಾಲ್ ಫ್ರೀ’ ಅಂದರೆ ಎಥೆನಾಲ್ ಇಲ್ಲ ಅನ್ನುವಷ್ಟೇ ಅರ್ಥ ಈ ಕಸುಬಿನಲ್ಲಿ ರೂಢಿ. ರಸಾಯನಶಾಸ್ತ್ರದ ಪ್ರಕಾರ ಗ್ಲಿಸರಿನ್ ಕೂಡ ಆಲ್ಕೋಹಾಲೇ. ಹೆಸರಲ್ಲಿ ಆ ಪದ ಇಲ್ಲದ್ದರಿಂದ ಅದಕ್ಕೆ ಯಾರೂ ಅಂಜುವುದಿಲ್ಲ!

ಪದದ ಮೂಲ ಇನ್ನೂ ಚೆನ್ನಾಗಿದೆ. ಅರಬ್ಬಿಯ ‘ಅಲ್-ಕುಹ್ಲ್’ ಅಂದರೆ ಕಣ್ಣಿಗೆ ಹಚ್ಚುವ ನುಣ್ಣನೆಯ ಕಪ್ಪು ಪುಡಿ, ನಮ್ಮ ಕಾಡಿಗೆಯಂಥದ್ದು. ಅಲ್ಲಿಂದ ನುಣ್ಣನೆ ಪುಡಿಗೆ, ಆಮೇಲೆ ಭಟ್ಟಿ ಇಳಿಸಿದ ಸಾರಕ್ಕೆ ಹೆಸರು ದಾಟಿತು. ಶುರುವಾಗಿದ್ದೇ ಅಲಂಕಾರದ ಸಾಮಾನಿನಿಂದ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ‘ಫ್ಯಾಟಿ ಆಸಿಡ್’ಗೆ ‘ಕೊಬ್ಬಿನಾಮ್ಲ’ ಅನ್ನುವುದು ಪಾಠಪುಸ್ತಕಗಳಲ್ಲಿ ಬಳಕೆಯಲ್ಲಿದೆ. ಅದೇ ದಾರಿಯಲ್ಲಿ ಸೀಟೈಲ್ ಬಳಗಕ್ಕೆ ‘ಕೊಬ್ಬಿನ ಆಲ್ಕೋಹಾಲ್’ ಅನ್ನಬಹುದು. ಆದರೆ ‘ಕೊಬ್ಬು’ ಅಂದ ತಕ್ಷಣ ಪ್ರಾಣಿಯ ಕೊಬ್ಬು ನೆನಪಾಗುತ್ತದೆ. 1817ರಲ್ಲಿ ಫ್ರೆಂಚ್ ವಿಜ್ಞಾನಿ ಶೆವ್ರೋಲ್ ಸೀಟೈಲ್ ಆಲ್ಕೋಹಾಲನ್ನು ಮೊದಲು ತೆಗೆದದ್ದು ತಿಮಿಂಗಿಲದ ಮೇಣದಿಂದಲೇ. ‘ಸೀಟೈಲ್’ ಅನ್ನುವ ಹೆಸರು ಬಂದದ್ದೂ ತಿಮಿಂಗಿಲದ ಲ್ಯಾಟಿನ್ ಹೆಸರಿನಿಂದ. ಈಗ ಹೆಚ್ಚಾಗಿ ತಾಳೆ ಎಣ್ಣೆ, ತೆಂಗಿನೆಣ್ಣೆಗಳಿಂದ ಮಾಡುತ್ತಾರೆ. ಹಾಗಾಗಿ ನನಗೆ ‘ಮೇಣದ ಆಲ್ಕೋಹಾಲ್’ ಹಿಡಿಸಿದೆ. ಮುಟ್ಟಿದರೆ ಹೇಗಿರುತ್ತದೋ ಹೆಸರೂ ಅದನ್ನೇ ಹೇಳುತ್ತದೆ. ರಸಾಯನಶಾಸ್ತ್ರ ಓದಿದವರಿಗೆ ಇದು ಒಪ್ಪಿಗೆಯೇ?

ಇನ್ನು ‘ಡಿನ್ಯಾಟ್’. ‘ಕೆಡಿಸಿದ ಮದ್ಯಸಾರ’ ಅಂದರೆ ಹಳಸಿದ್ದು ಅನ್ನುವ ಹಾಗೆ ಕೇಳಿಸುತ್ತದೆ. ‘ಕುಡಿಯಲಾಗದ ಮದ್ಯಸಾರ’ ಸರಿ, ಆದರೆ ಉದ್ದವಾಯಿತು. ಚಿಕ್ಕದೊಂದು ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.