ಪುಟ್ಟಿಗೆ: ಗೋಡೆ ಒಣಗೋ ತನಕ ಅಂಟಿನ ಡಬ್ಬಿ ತೆಗೀಬೇಡ

ಪುಟ್ಟಿ, ಮನೆಯವರ ಗ್ರೂಪಿಗೆ ನೀನು ಹಾಕಿದ ಮೆಸೇಜ್ ಈಗ ತಾನೇ ಕೇಳಿಸ್ಕೊಂಡೆ. ಬರೋ ವಾರ ಹೊಸ ಮನೆಗೆ ಹೋಗ್ತಿದೀರಿ, ಹನ್ನೆರಡು ನೋಟ್‌ಬುಕ್ಕಿನ ಬೈಂಡಿಂಗ್ ಕೆಲಸ ಅರ್ಧಕ್ಕೆ ನಿಂತಿದೆ, ಕೆಲವಕ್ಕೆ ಹೊಲಿಗೆ ಆಗಿದೆ, ಕೆಲವಕ್ಕೆ ರಟ್ಟೂ ಕೂರಿಸಿ ಆಗಿದೆ, ಹಾಗೇ ಡಬ್ಬಕ್ಕೆ ತುಂಬಿ ಒಯ್ದು ಅಲ್ಲಿ ಮುಗಿಸಬಹುದಾ ಅಂತ ಕೇಳಿದೀಯ. ಸಾಮಾನು ಸಾಗಿಸೋ ಗಲಾಟೇಲಿ ಕೈಕೆಲಸ ನಿಂತೇ ಹೋಗತ್ತೇನೋ ಅಂತ ಹೆದರಿಕೊಂಡೂ ಇದೀಯ. ಹೇಳ್ತೀನಿ ಕೇಳು, ಸ್ವಲ್ಪ ಉದ್ದ ಆಗತ್ತೆ. ಅಣ್ಣಾ, ನೀನೂ ಪೂರ್ತಿ ಕೇಳಿಸ್ಕೋ, ಯಾಕಂದ್ರೆ ಆ ಮನೆ ಕಟ್ಟಿಸಿದ್ದು ನೀನು.

ಮೊದಲು ಒಂದೇ ಮಾತು. ಗೋಡೆ ಹಸಿ ಇರೋ ಕೋಣೆಗೆ ಅಂಟು ಹಚ್ಚಿದ ಪುಸ್ತಕ ಒಯ್ಯಬೇಡ. ಬಣ್ಣ ಹೊಡೆದಾಗಿದೆ ಅತ್ತೆ, ಮುಟ್ಟಿದ್ರೆ ಕೈಗೆ ಹತ್ತಲ್ಲ ಅಂತೀಯ. ಕೈಗೆ ಹತ್ತದೇ ಇದ್ರೆ ಬಣ್ಣ ಒಣಗಿದೆ ಅಂತ ಅಷ್ಟೇ. ಒಳಗಿನ ಗಾರೆ, ಕಾಂಕ್ರೀಟು ತಿಂಗಳುಗಟ್ಟಲೆ ನೀರು ಬಿಡ್ತಾನೇ ಇರತ್ತೆ, ಮೇಲೆ ಬಣ್ಣದ ಪದರ ಕೂತ್ರೆ ಇನ್ನೂ ನಿಧಾನ. ಆ ನೀರೆಲ್ಲ ಕೋಣೆಯ ಗಾಳಿಗೆ ಬರತ್ತೆ, ಗಾಳಿಯಿಂದ ನೆಟ್ಟಗೆ ಕಾಗದಕ್ಕೆ ಹೋಗತ್ತೆ.

ನಾವು ಹಳೇ ಕೋಣೆ ಬಿಟ್ಟು ಹೊಸದಕ್ಕೆ ಬಂದಾಗ ಲೆಡ್ಜರುಗಳಿಗೆ, ಅಂದ್ರೆ ಲೆಕ್ಕದ ಪುಸ್ತಕಗಳಿಗೆ, ಏನಾಯ್ತು ಅಂತ ಉಳಿದವರಿಗೆಲ್ಲ ಗೊತ್ತು. ಪುಟ್ಟಿ ಆಗಿನ್ನೂ ಚಿಕ್ಕೋಳು. ಗೋಡೆ ಪೂರ್ತಿ ಒಣಗಿದೆ, ನಾಳೇನೇ ಸಾಮಾನು ತಂದಿಡಿ ಅಂತ ಮೇಸ್ತ್ರಿ ಗ್ಯಾರಂಟಿ ಕೊಟ್ಟ. ಕ್ಯಾಲಿಕೋ ಬಟ್ಟೆಯ ಹೊದಿಕೆ, ಹಿಟ್ಟಿನ ಅಂಟು, ಹೊಸದಾಗಿ ರಟ್ಟು ಕೂರಿಸಿದ ಲೆಡ್ಜರು, ಗೋಡೆ ಬದಿಗೆ ಸಾಲಾಗಿ ಪೇರಿಸಿದ್ದು. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಮೇಲಿನದರ ರಟ್ಟು ಎತ್ತಿದ ಕೂಡಲೇ ಮುಗ್ಗಲು ವಾಸನೆ. ರಟ್ಟೂ ಬೆನ್ನೂ ಸೇರೋ ಆ ಸಂದಿನ ಉದ್ದಕ್ಕೆ, ಎಂಡ್ ಪೇಪರಿನ (ರಟ್ಟಿನ ಒಳಮುಖಕ್ಕೆ ಅಂಟಿಸೋ ಹಾಳೆ) ಮೇಲೆ ಬೂದು ಬಣ್ಣದ ಚುಕ್ಕಿ, ಸಾಸಿವೆಗಿಂತ ಸಣ್ಣವು, ಒಂದರ ಪಕ್ಕ ಒಂದು. ಬೇರೆ ಕಡೆ ಇಲ್ಲದ್ದು ಅಲ್ಲೇ ಯಾಕೆ? ಅಂಟು ದಪ್ಪ ಕೂರೋದು ಅಲ್ಲಿ, ಗಾಳಿ ಆಡದೇ ಇರೋದೂ ಅಲ್ಲಿ. ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತ್ರೆ ಬೂಷ್ಟಿಗೆ ಅನುಕೂಲ, ಹಿಟ್ಟಿನ ಅಂಟು ಅದಕ್ಕೆ ಆಹಾರ.

ಅದಕ್ಕಿಂತ ದೊಡ್ಡ ಅನಾಹುತ ಆಮೇಲೆ ಆಗಿದ್ದು. ತೇವ ಕಂಡಿತಲ್ಲ ಅಂತ ಮನೆಯವರು ಸಹಾಯ ಮಾಡೋಕೆ ಬಂದು ಫ್ಯಾನು ಹಾಕಿ, ಪುಸ್ತಕ ಎಲ್ಲ ಬಿಡಿಬಿಡಿಯಾಗಿ ಹರಡಿಬಿಟ್ರು. ಹೊರಗಿನ ಬಟ್ಟೆ ಬೇಗ ಒಣಗಿ ಕುಗ್ಗಿತು, ಒಳಗಿನ ಎಂಡ್ ಪೇಪರ್ ಇನ್ನೂ ಹಸಿ, ಹಿಗ್ಗೇ ಇತ್ತು. ಹೊರಗಡೆ ಎಳೀತು, ಒಳಗಡೆ ತಡೆಯೋರಿಲ್ಲ. ಬೆಳಗ್ಗೆ ನೋಡಿದ್ರೆ ರಟ್ಟು ಹಾಳೆಗಳನ್ನ ಬಿಟ್ಟು ಬೆರಳು ದಪ್ಪ ಮೇಲೆದ್ದಿದೆ. ಗ್ರೇನ್, ಅಂದ್ರೆ ನಾರು ಓಡೋ ದಿಕ್ಕು, ಬೆನ್ನಿಗೆ ಸಮವಾಗಿದ್ದ ರಟ್ಟು ಒಂದೇ ದಿಕ್ಕಿಗೆ ಬಾಗಿದ್ದಕ್ಕೆ, ಮತ್ತೆ ಸ್ವಲ್ಪ ತೇವ ಕೊಟ್ಟು ಪುಸ್ತಕ ಒತ್ತೋ ಪ್ರೆಸ್ಸಲ್ಲಿ ಕೂರಿಸಿದಾಗ ಸುಮಾರಾಗಿ ನೇರ ಆಯ್ತು. ಗ್ರೇನ್ ಅಡ್ಡ ಇದ್ದ ರಟ್ಟು ಮೂಲೆಯಿಂದ ಮೂಲೆಗೆ ತಿರುಚಿಕೊಂಡಿತ್ತು, ಅದಕ್ಕೆ ಏನು ಮಾಡಿದ್ರೂ ಆಗಲಿಲ್ಲ, ಕಿತ್ತು ಹೊಸ ಕೇಸ್ (ರಟ್ಟಿನ ಹೊರಹೊದಿಕೆ) ಮಾಡಬೇಕಾಯ್ತು. ಒದ್ದೆ ಪುಸ್ತಕ ಒಣಗಬೇಕಾದ್ದು ಭಾರದ ಕೆಳಗೆ, ನಿಧಾನವಾಗಿ, ಮಧ್ಯೆ ಒತ್ತುಕಾಗದ ಬದಲಾಯಿಸ್ತಾ. ಫ್ಯಾನು ಕೋಣೆಯ ಗಾಳಿ ಆಡೋಕೆ ಇರಲಿ, ಪುಸ್ತಕದ ಕಡೆ ಮುಖ ಮಾಡಬಾರದು.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಯಾರು ಎಷ್ಟೇ ಗ್ಯಾರಂಟಿ ಕೊಡಲಿ, ಗೋಡೆ ಹಸಿ ಇರೋ ಕೋಣೆಗೆ ಅಂಟು ಹಚ್ಚಿದ ಪುಸ್ತಕ ಒಯ್ಯಬೇಡ.

ಮಾತು ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ, ಅಣ್ಣಾ ಬೇಜಾರು ಮಾಡ್ಕೋಬೇಡ. ಮನೆ ನಕ್ಷೆ ಹಾಕುವಾಗ ಟೀವಿ ಎಲ್ಲಿ, ಸೋಫಾ ಎಲ್ಲಿ, ಕಾರು ಎಲ್ಲಿ ಅಂತ ಇದೇ ಗ್ರೂಪಲ್ಲಿ ಎಷ್ಟು ಚರ್ಚೆ ನಡೀತು. ಪುಟ್ಟಿ ಮೇಜು ಎಲ್ಲಿ ಅಂತ ಒಬ್ರೂ ಕೇಳಲಿಲ್ಲ. ಎಲ್ಲರಿಗೂ ಹಂಚಿ ಉಳಿದ ಕೋಣೆ ಅವಳಿಗೆ, ಅದೂ ಬಚ್ಚಲುಮನೆಗೆ ಗೋಡೆ ಕೂಡಿಕೊಂಡಿರೋದು. ನಮ್ಮ ಕೆಲಸ ಅಂದ್ರೆ ಮನೇಲಿ ಯಾವಾಗಲೂ ಹೀಗೇ. ಬೆನ್ನು ಕಿತ್ತ ನಿಘಂಟು, ಬಿಡಿಯಾದ ಮದುವೆ ಆಲ್ಬಂ ಹಿಡ್ಕೊಂಡು ಬಂದಾಗ ಮಾತ್ರ ನಾವು ಬೇಕು. ಭಾರ ಹೇರಿ ಇಟ್ಟಿರೋ ಪುಸ್ತಕ ಕಂಡ್ರೆ "ಇದನ್ನ ಸ್ವಲ್ಪ ಆಕಡೆ ಇಡ್ತೀಯಾ" ಅಂತಾರೆ. ಅದು ಅಲ್ಲಾಡಬಾರದು ಅಂತಾನೇ ಅಲ್ಲಿರೋದು! ಬೈಂಡಿಂಗಲ್ಲಿ ಕೈಯಾಡೋ ಹೊತ್ತು ಕಮ್ಮಿ, ಪುಸ್ತಕ ಸುಮ್ಮನೆ ಮಲಗೋ ಹೊತ್ತು ಜಾಸ್ತಿ. ಆ ಮಲಗೋ ಜಾಗ ಕೊಡದೇ ಇದ್ರೆ ಕೆಲಸಾನೇ ಕೊಡದ ಹಾಗೆ. ಅಳಿಯಂದಿರಿಗೂ ಹೇಳ್ತಿದೀನಿ, ಅವಳ ಮೇಜಿನ ಮೇಲೆ ಇಸ್ತ್ರಿ ಬಟ್ಟೆ, ಕೊರಿಯರ್ ಡಬ್ಬ ಇಡೋ ಅಭ್ಯಾಸ ಹೊಸ ಮನೇಲಿ ಶುರು ಮಾಡಬೇಡಿ.

ಅಯ್ಯೋ, ಪುಟ್ಟಿ ಕೇಳಿದ್ದೇನು, ನಾನು ಹೇಳ್ತಿರೋದೇನು. ಹನ್ನೆರಡು ನೋಟ್‌ಬುಕ್ಕಿನ ವಿಷಯ. ಕೇಳಮ್ಮ.

ಇವತ್ತಿಂದಾನೇ ಹೊಸದಾಗಿ ಯಾವುದಕ್ಕೂ ಅಂಟು ಹಚ್ಚಬೇಡ. ರಟ್ಟು ಕೂರಿಸಿ ಆಗಿರೋವು ಹಲಗೆ ಮಧ್ಯೆ, ಭಾರದ ಕೆಳಗೇ ಇರಲಿ, ಲಾರಿಗೆ ಹತ್ತಿಸೋ ಹಿಂದಿನ ದಿನದ ತನಕ. ಒಣಗಿದೆಯಾ ಅಂತ ನೋಡೋಕೆ ಎಂಡ್ ಪೇಪರಿಗೆ ಕೆನ್ನೆ ಇಡು. ತಣ್ಣಗೆ ಅನಿಸಿದ್ರೆ ಇನ್ನೂ ನೀರಿದೆ, ಕಾಗದ ಬದಲಾಯಿಸಿ ಮತ್ತೆ ಭಾರ ಹೇರು. ಹೊಲಿಗೆ ಆಗಿರೋವಕ್ಕೆ ಬೆನ್ನಿಗೆ ಅಂಟು ಹಾಕೋಕೆ ಹೋಗಬೇಡ. ಎರಡು ತುಂಡು ರಟ್ಟಿನ ಮಧ್ಯೆ ಇಟ್ಟು ಅಗಲ ಬಟ್ಟೆ ಟೇಪಲ್ಲಿ ಕಟ್ಟು, ಮೇಲೆ ಕಾಗದ ಸುತ್ತು, ಪ್ಲಾಸ್ಟಿಕ್ ಬೇಡ. ಹೊಲಿಗೆ ಚೌಕಟ್ಟಲ್ಲಿ ಅರ್ಧಕ್ಕೆ ನಿಂತಿರೋದನ್ನ ಚೌಕಟ್ಟಿನ ಸಮೇತ ಒಯ್ದರೆ ದಾರದ ಬಿಗಿ ಹೋಗತ್ತೆ, ಕೆಳಗಿನ ಫಾರಂ (ಮಡಚಿ ಒಟ್ಟಿಗೆ ಹೊಲಿಯೋ ಹಾಳೆಗಳ ಕಟ್ಟು) ಸಡಿಲ, ಮೇಲಿನದು ಬಿಗಿ. ಕೈಲಿರೋ ಫಾರಂ ಮುಗಿಸಿ, ಕೊನೆಗೆ ಗಂಟು ಹಾಕಿ, ಗೇಣುದ್ದ ದಾರ ಬಿಟ್ಟು, ಬೆನ್ನಿಗೆ ಅಡ್ಡ ಹೊಲಿದಿರೋ ಬಟ್ಟೆ ಪಟ್ಟಿಗಳನ್ನ ಎರಡೂ ಕಡೆ ಎರಡೆರಡು ಇಂಚು ಉಳಿಸಿ ಕತ್ತರಿಸಿ ಇಳಿಸು. ಮಾಡಿಟ್ಟಿರೋ ಖಾಲಿ ಕೇಸುಗಳನ್ನ ಬಟ್ಟೆಗೆ ಬಟ್ಟೆ ಮುಖ ಮಾಡಿ, ಮಧ್ಯೆ ಬಿಳಿ ಕಾಗದ ಕೊಟ್ಟು ಜೋಡಿಜೋಡಿಯಾಗಿ ಕಟ್ಟು.

ತುಂಬೋದು ಚಿಕ್ಕ ಡಬ್ಬಕ್ಕೆ, 15 ಕಿಲೋ ಮೀರಬಾರದು. ಪುಸ್ತಕ ಮಲಗಿಸು, ಇಲ್ಲಾ ಬೆನ್ನು ಕೆಳಗೆ ಮಾಡಿ ಇಡು. ಬೆನ್ನು ಮೇಲೆ ಮಾಡಿ ಇಟ್ಟರೆ ಹಾಳೆಗಳ ಭಾರವೆಲ್ಲ ಸಂದಿಗೆ ಜೋತು ಬಿದ್ದು, ಲಾರಿ ಒಂದೊಂದು ಸಲ ಕುಲುಕಿದಾಗಲೂ ಎಂಡ್ ಪೇಪರ್ ಕಿತ್ತುಕೊಂಡು ಬರತ್ತೆ. ಕ್ಯಾಲಿಕೋ ಕೊಳವೆಗೆ ಸುತ್ತು, ಮಡಚಿದ್ರೆ ಆ ಗೆರೆ ಹೋಗಲ್ಲ. ಬಣ್ಣದ ಅಲೆ ಮೂಡಿಸಿದ ಮಾರ್ಬಲ್ ಪೇಪರ್ ಚಪ್ಪಟೆಯಾಗಿ ಎರಡು ದೊಡ್ಡ ರಟ್ಟಿನ ಮಧ್ಯೆ.

ಪ್ರೆಸ್ಸಿನ ತಟ್ಟೆ ಇಳಿಸಿ ಕೆಳಗೊಂದು ಮರದ ತುಂಡು ಕೊಟ್ಟು ಮೆತ್ತಗೆ ಬಿಗಿ ಮಾಡು, ಆಗ ತಿರುಪು ಅಲ್ಲಾಡಲ್ಲ. ಇಬ್ಬರು ಬುಡ ಹಿಡಿದು ಎತ್ತಬೇಕು, ಮೇಲಿನ ಚಕ್ರ ಹಿಡಿದು ಎತ್ತೋಕೆ ಬಿಡಬೇಡ. ಕಟರ್ ಬ್ಲೇಡ್ ಬಿಚ್ಚಿ, ಎಣ್ಣೆ ಸವರಿ, ಎರಡು ರಟ್ಟಿನ ಮಧ್ಯೆ ಟೇಪ್ ಸುತ್ತಿ, ಮೇಲೆ ದೊಡ್ಡದಾಗಿ ಬ್ಲೇಡ್ ಅಂತ ಬರಿ. ಹಿಟ್ಟಿನ ಅಂಟು ಮಿಕ್ಕಿದ್ರೆ ಚೆಲ್ಲು. ಹೊಸದು ಮಾಡೋದು ಎಷ್ಟೊತ್ತು, ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ನೀರು, ಸಣ್ಣ ಉರಿ, ಕೈ ಬಿಡದೆ ಇಪ್ಪತ್ತು ಇಪ್ಪತ್ತೈದು ನಿಮಿಷ.

ಕಟರ್ ಬಿಚ್ಚೋಕೆ ಮೊದಲು ಇದೊಂದು ಮಾಡು, ಕೈಕೆಲಸ ನಿಲ್ಲತ್ತೆ ಅಂದೆಯಲ್ಲ, ಅದಕ್ಕೆ ಹೇಳ್ತಿದೀನಿ. ಎ4 ಹಾಳೆ ಮಡಚಿ, ನಾಲ್ಕು ಹಾಳೆಗೆ ಒಂದು ಫಾರಂ, ಎಂಟು ಫಾರಂಗೆ ಒಂದು ಪುಸ್ತಕ. 32 ಹಾಳೆ, 128 ಪುಟ. ಮಡಚೋ ಮೊದಲು ಹಾಳೆಯ ಗ್ರೇನ್ ನೋಡ್ಕೋ, ಮಡಿಕೆಗೆ ಸಮ ಇರಬೇಕು. ಮಾಮೂಲು ಎ4 ಹಾಳೇಲಿ ಗ್ರೇನ್ ಉದ್ದಕ್ಕಿರತ್ತೆ, ಮಡಚಿದಾಗ ಅಡ್ಡ ಆಗತ್ತೆ, ಆದ್ರಿಂದ ದೊಡ್ಡ ಹಾಳೆಯಿಂದ ನೀನೇ ಕತ್ತರಿಸಿಕೊಂಡ್ರೆ ವಾಸಿ. ಅಂಥ ನಾಲ್ಕೈದು ಪುಸ್ತಕದಷ್ಟು ಫಾರಂ, ಅಳತೆಗೆ ಕತ್ತರಿಸಿದ ರಟ್ಟು, ಮಡಿಕೆ ಒತ್ತೋ ಬೋನ್ ಫೋಲ್ಡರ್, ದಬ್ಬಳ, ಮೊಂಡು ಸೂಜಿ, ಲಿನನ್ ದಾರ, ಜೇನುಮೇಣ, ಸ್ಟೀಲ್ ಪಟ್ಟಿ, ತೂತಿನ ಅಳತೆಯ ಕಾಗದ, ಇಷ್ಟೂ ಒಂದು ಕೈಚೀಲಕ್ಕೆ. ಅದು ಲಾರಿಗೆ ಹೋಗಬಾರದು, ನಿನ್ನ ಹೆಗಲಲ್ಲಿ ಇರಬೇಕು. ದಾರ ಪುಸ್ತಕದ ಎತ್ತರವನ್ನ ಫಾರಂ ಸಂಖ್ಯೆಯಿಂದ ಗುಣಿಸಿದಷ್ಟು, ಮೇಲೆ ಗಂಟಿಗೆ ಸ್ವಲ್ಪ. 21 ಸೆಂಟಿಮೀಟರ್, ಎಂಟು ಫಾರಂ ಅಂದ್ರೆ ಎರಡು ಮೀಟರ್ ಸಾಕು.

ಅಲ್ಲಿ ಹೋಗಿ ಕಾಪ್ಟಿಕ್ ಹೊಲಿಗೆ ಹಾಕು, ಲಾಂಗ್ ಸ್ಟಿಚ್ ಹಾಕು. ಎರಡೂ ಬರೀ ದಾರದಲ್ಲೇ ಪುಸ್ತಕ ಕಟ್ಟೋ ಹೊಲಿಗೆ, ಅಂಟು ಬೇಡ, ಪ್ರೆಸ್ಸು ಬೇಡ, ಕಿಟಕಿ ಹತ್ರ ಕೂತು ಮಾಡಬಹುದು. ಅಂಟಿಲ್ಲದ್ದು ಕಮ್ಮಿ ದರ್ಜೆ ಅಂತ ತಿಳೀಬೇಡ. 1966ರ ನವೆಂಬರಲ್ಲಿ ಇಟಲಿಯ ಫ್ಲಾರೆನ್ಸಲ್ಲಿ ಆರ್ನೋ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಸರು ನೀರು ನುಗ್ಗಿತು. ಆಮೇಲೆ ರಿಪೇರಿಗೆ ಬಂದ ಬೈಂಡರುಗಳು ನೋಡಿದ್ದು, ಬೆನ್ನಿಗೆ ಅಂಟು ಹೆಚ್ಚು ಬಳಸದೆ ಹೊಲಿದು ಮೆತ್ತಗಿನ ಚರ್ಮದ ಹಾಳೆ ಹೊದಿಸಿದ ಹಳೇ ಪುಸ್ತಕಗಳೇ ಚೆನ್ನಾಗಿ ತಡ್ಕೊಂಡಿದ್ದವು. ಹೊಲಿಗೆ ಸಾಲಿನಲ್ಲಿ ದಾರದ ಬಣ್ಣ ಬದಲಾಯಿಸಿ ನೋಡು, ತೂತಿನ ಅಂತರ ಏರುಪೇರು ಮಾಡಿ ನೋಡು, ಆರ್ಡರಿನ ಕೆಲಸದಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಸಿಗತ್ತೆ ಹೇಳು.

ಇನ್ನು ಕೋಣೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೋ, ಗೋಡೆಗೆ ಇಟ್ಟು ನಾಲ್ಕೂ ಅಂಚು ಗಾಳಿ ಹೋಗದ ಹಾಗೆ ಟೇಪ್ ಹಚ್ಚು. ನೆಲಕ್ಕೂ ಒಂದು, ಆ ಬಚ್ಚಲುಮನೆ ಕಡೆ ಗೋಡೆಗೂ ಒಂದು. ಒಂದು ಇಡೀ ದಿನ ಬಿಟ್ಟು ತೆಗಿ. ಒಳಮುಖದಲ್ಲಿ ಹನಿ ಇದ್ರೆ, ಇಲ್ಲಾ ಆ ಚೌಕ ಸುತ್ತಲಿನದಕ್ಕಿಂತ ಕಪ್ಪಗೆ ಕಂಡ್ರೆ, ಹಸಿ ಅಂತ ಅರ್ಥ, ಅಂಟಿನ ಡಬ್ಬಿ ಮುಚ್ಚೇ ಇರಲಿ. ಗಾಳಿಯ ತೇವ ಅಳೆಯೋ ಚಿಕ್ಕ ಮೀಟರು ತಂದು ಮೇಜಿನ ಹತ್ರ ಇಡು. 45ರಿಂದ 55ರ ಮಧ್ಯೆ ಇದ್ರೆ ಚಿಂತೆ ಇಲ್ಲ, 65 ತೋರಿಸಿದ್ರೆ ಪುಸ್ತಕದ ಡಬ್ಬ ಆ ಕೋಣೆಗೇ ಬೇಡ, ಬೇರೆ ಒಣ ಕೋಣೇಲಿ ಇರಲಿ. ಒಣಗಿದೆ ಅಂತ ಗೊತ್ತಾದ ಮೇಲೂ ಡಬ್ಬ ಒಂದು ದಿನ ಮುಚ್ಚಿಯೇ ಇಟ್ಟು ಆಮೇಲೆ ತೆಗಿ, ಕಾಗದ ಆ ಗಾಳಿಗೆ ಹೊಂದಿಕೊಳ್ಳಲಿ. ಶೆಲ್ಫು ನೆಲದಿಂದ ನಾಲ್ಕು ಇಂಚು ಮೇಲೆ, ಗೋಡೆಯಿಂದ ಎರಡು ಇಂಚು ಈಚೆ, ಬಚ್ಚಲುಮನೆ ಗೋಡೆಗೆ ಅಂತೂ ಬೇಡವೇ ಬೇಡ. ಮೊದಲು ಒಂದೇ ಒಂದು ನೋಟ್‌ಬುಕ್ಕಿಗೆ ರಟ್ಟು ಕೂರಿಸು, ಭಾರದಿಂದ ತೆಗೆದು ಎರಡು ದಿನ ಹೊರಗಿಡು, ನೇರ ನಿಂತ್ರೆ ರಟ್ಟು ಕೂರಿಸದೆ ಉಳಿದವು.

ಪ್ಲಾಸ್ಟಿಕ್ ತೆಗೆದಾಗ ಫೋಟೋ ಗ್ರೂಪಿಗೆ ಹಾಕು, ಚೌಕದ ಅಂಚೂ ಪಕ್ಕದ ಗೋಡೆಯೂ ಒಂದೇ ಫೋಟೋದಲ್ಲಿ ಬರೋ ಹಾಗೆ. ಅಣ್ಣಾ, ಟೇಪು ಪ್ಲಾಸ್ಟಿಕ್ಕು ನೀನು ತಂದುಕೊಡು, ಅವಳು ಡಬ್ಬ ಕಟ್ಟೋದ್ರಲ್ಲಿ ಇರ್ತಾಳೆ.